ಎದೆಮಟ್ಟದ ನೀರಲ್ಲಿ ಮುಳುಗಿ ಬಂದೆ, ನಂಬ್ತೀರಾ?

ತೀರ್ಥಹಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯೋದೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ನಾಚಿಕೆಯ ವಿಷಯ. ತುಂಗೆಯಲ್ಲಿ ಈಜು ಕಲಿತವನು ನಾನು. ರಾಮಮಂಟಪದ ಹತ್ತಿರ ಬಂಡೆಯಿಂದ ಬಂಡೆಗೆ ಹಾರಿಕೊಂಡು ಬೆಳೆದವನು. ಅಂಥವನು ಎದೆಮಟ್ಟದ ನೀರಲ್ಲಿ ಸಾಯೋಕೆ ಹೋಗಿದ್ದೆ ಅಂದರೆ ಊರಲ್ಲಿ ನಗುತ್ತಾರೆ.

ಈಗ ಇರೋದು ಬ್ರಿಸ್ಟಲ್‌ನಲ್ಲಿ. ಮೇ ತಿಂಗಳ ಒಂದು ಶನಿವಾರ ಹೆಂಡತಿ, ಮಗಳ ಜೊತೆ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಕಡೆ ಜಲಪಾತ ನೋಡಲು ಹೋಗಿದ್ದೆವು. ಬಿಸಿಲು ಚೆನ್ನಾಗಿತ್ತು, 22 ಡಿಗ್ರಿ. ಈ ದೇಶದಲ್ಲಿ ಅಷ್ಟು ಬಿಸಿಲು ಬಂದರೆ ಹಬ್ಬ. ಮಗಳ ಹಳದಿ ಟೋಪಿ ಗಾಳಿಗೆ ಹಾರಿ ಹೊಳೆಗೆ ಬಿತ್ತು. ನೀರು ಎಷ್ಟು ತಿಳಿಯಾಗಿತ್ತು ಅಂದರೆ ತಳದ ಕಲ್ಲು ಎಣಿಸಬಹುದಿತ್ತು. ಮೊಣಕಾಲುದ್ದ ಇರಬಹುದು ಅಂದುಕೊಂಡು ಪ್ಯಾಂಟ್ ಮಡಚಿ ಇಳಿದೆ. ಎರಡು ಹೆಜ್ಜೆ ಇಟ್ಟಿದ್ದೆ ಅಷ್ಟೇ. ಪಾಚಿ ಕಟ್ಟಿದ ಬಂಡೆಯ ಮೇಲೆ ಕಾಲು ಜಾರಿ ಪಕ್ಕದ ಗುಂಡಿಗೆ ಬಿದ್ದೆ. ನಿಂತರೆ ಎದೆಗೆ ಬರುವಷ್ಟು ಆಳ.

ತಲೆ ನೀರೊಳಗೆ ಹೋದ ಕೂಡಲೇ ಬಾಯಿ ತಾನಾಗಿ ತೆರೆಯಿತು. ನಾನು ಉಸಿರು ಎಳೆದುಕೊಳ್ಳಲಿಲ್ಲ, ಯಾರೋ ನನ್ನೊಳಗಿನಿಂದ ಎಳೆದ ಹಾಗಾಯಿತು. ಒಳಗೆ ಬಂದದ್ದು ನೀರು. ಮೇಲೆ ಬಂದೆ. ಸರಿಯಾಗಿ ಕೆಮ್ಮಲೂ ಆಗಲಿಲ್ಲ. ಬೇಸಿಗೆಯಲ್ಲಿ ನಾಯಿ ಏದುಸಿರು ಬಿಡುತ್ತದಲ್ಲ, ಹಾಗೆ ಹಹ್ ಹಹ್ ಹಹ್. ಈಜೋಣ ಅಂತ ಕೈ ಬಡಿದೆ. ಬಡಿದಷ್ಟೂ ಬಾಯಿಗೆ ನೀರು. ಕಾಲ ಕೆಳಗೇ ನೆಲ ಇತ್ತು. ಎದ್ದು ನಿಂತಿದ್ದರೆ ಮುಗಿಯುತ್ತಿತ್ತು. ನಿಲ್ಲಬೇಕು ಅನ್ನೋದೇ ತಲೆಗೆ ಹೊಳೆಯಲಿಲ್ಲ.

ದಡದಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ಕೂಗಿದ. ‘ಈಜಬೇಡ! ಅಂಗಾತ ಮಲಗು! ಅಂಗಾತ!’ ಆ ಮಾತು ಹೇಗೋ ಕಿವಿಗೆ ಬಿತ್ತು. ತಲೆ ಹಿಂದಕ್ಕೆ ಹಾಕಿದೆ. ಕಿವಿಯೊಳಗೆ ನೀರು ಹೋಯಿತು, ಮುಖ ಆಕಾಶಕ್ಕೆ ಬಂತು. ನಾಲ್ಕೈದು ಉಸಿರು ಒಳಗೆ ಹೋದ ಮೇಲೆ ಆತ ನಾಯಿಯ ಹಗ್ಗವನ್ನೇ ಎಸೆದು ಎಳೆದ. ಎಲ್ಲ ಸೇರಿ ಅಂದಾಜು 40 ಸೆಕೆಂಡ್.

ನನಗೆ ವಯಸ್ಸು 41. ಬಿಪಿ ಇಲ್ಲ, ಶುಗರ್ ಇಲ್ಲ. ಇದು ನನಗೊಬ್ಬನಿಗೇ ಆಗಿದ್ದಾ, ಬೇರೆಯವರಿಗೂ ಆಗಿದೆಯಾ?

ಗಣಿತದ ಮೇಷ್ಟ್ರು

ಜೀವ ಉಳಿಯಿತಲ್ಲ, ಸಂತೋಷ. ಆದರೆ ಕ್ಷಮಿಸಿ, ಪೂರ್ತಿ ನಂಬೋಕೆ ಕಷ್ಟ. ನಾವು ಹಾಸನದ ಕಡೆಯವರು. ಡಿಸೆಂಬರ್ ಚಳಿಯಲ್ಲಿ ಬೆಳಗಿನ ಜಾವ ಕೆರೆಗೆ ಹಾರುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ನೀವು ಗಾಬರಿ ಬಿದ್ದಿದ್ದೀರಿ ಅಷ್ಟೇ. ಹಳ್ಳಿ ಬಿಟ್ಟು ಇಪ್ಪತ್ತು ವರ್ಷ ಆಯಿತು ಅಂದರೆ ಈಜು ಮರೆತಿರುತ್ತದೆ.

ರಾತ್ರಿ ಪಾಳಿ

ಮೇಷ್ಟ್ರೇ, ಗಾಬರಿ ಆಮೇಲಿನ ಮಾತು. ಚಳಿಗೆ ಮೊದಲು ಉತ್ತರ ಕೊಡೋದು ಚರ್ಮ.

ನಾನು ಲೀಡ್ಸ್‌ನಲ್ಲಿ ನರ್ಸ್. ಚರ್ಮ ಒಮ್ಮೆಲೇ ತಣ್ಣಗಾದರೆ ಮೆದುಳಿನ ಅಪ್ಪಣೆಗೆ ಕಾಯದೆ ಎದೆ ಒಂದು ದೊಡ್ಡ ಉಸಿರು ಎಳೆಯುತ್ತದೆ. ಎರಡು ಮೂರು ಲೀಟರ್ ಒಂದೇ ಸಲ ಒಳಗೆ ಹೋಗಬಹುದು. ಆ ಹೊತ್ತಿಗೆ ಮುಖ ನೀರಿನ ಮೇಲಿದ್ದರೆ ಗಾಳಿ, ಕೆಳಗಿದ್ದರೆ ನೀರು. ಅದರ ಹಿಂದೆಯೇ ಏದುಸಿರು, ಎದೆಬಡಿತ, ಬಿಪಿ ಏರೋದು. ದಡದಲ್ಲಿ ಒಂದು ನಿಮಿಷ ಉಸಿರು ಕಟ್ಟುವವನಿಗೆ ಆಗ ಹತ್ತು ಸೆಕೆಂಡೂ ಕಟ್ಟಲು ಆಗದೇ ಇರಬಹುದು. ಇದಕ್ಕೆ ಕೋಲ್ಡ್ ವಾಟರ್ ಶಾಕ್ ಅನ್ನುತ್ತಾರೆ. ಮೊದಲ ಅರ್ಧ ನಿಮಿಷದಲ್ಲಿ ಜೋರು, ಒಂದು ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. ಆ ಒಂದೂವರೆ ನಿಮಿಷ ಬಾಯಿ ನೀರಿನ ಮೇಲೆ ಇದ್ದರೆ ಸಾಕು.

ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಇದನ್ನೇ ಹಲವು ದಶಕ ಓದಿದವರು. 10ರಿಂದ 15 ಡಿಗ್ರಿ ನೀರಲ್ಲೇ ಈ ಶಾಕ್ ತುದಿ ಮುಟ್ಟುತ್ತದೆ. ಅಂದರೆ ಮಂಜುಗಡ್ಡೆಯೇ ಬೇಕು ಅಂತಿಲ್ಲ. ಬ್ರಿಟನ್ ಸುತ್ತಲಿನ ಸಮುದ್ರದ ಸರಾಸರಿಯೇ ಸುಮಾರು 12 ಡಿಗ್ರಿ. ಮೇ ತಿಂಗಳ ಹೊಳೆ ಹೇಗಿರುತ್ತೆ ಅಂತ ನೀವೇ ಲೆಕ್ಕ ಹಾಕಿ. ಗಾಳಿ ಬೇಗ ಬಿಸಿಯಾಗುತ್ತದೆ, ನೀರು ನಿಧಾನ. ಹಾಗಾಗಿ ವರ್ಷದ ಮೊದಲ ಒಳ್ಳೆ ಬಿಸಿಲಿನ ದಿನವೇ ಅತಿ ಅಪಾಯದ ದಿನ.

ಹುಡುಗರೇ, ನೀವು ಈಜು ಮರೆತಿರಲಿಲ್ಲ. ಈಜೋಕೆ ಉಸಿರು ಬೇಕು. ಅದೇ ನಿಮ್ಮ ಕೈಯಲ್ಲಿರಲಿಲ್ಲ.

ಅಜ್ಜಿಯ ಮೊಮ್ಮಗಳು

ಹಂಡೆಯಲ್ಲಿ ಬಿಸಿನೀರು ಮುಗಿದಿದೆ ಅಂತ ಗೊತ್ತಿಲ್ಲದೆ ತಂಬಿಗೆ ತಣ್ಣೀರನ್ನು ತಲೆಗೆ ಸುರಿದುಕೊಂಡಾಗ ‘ಹಾ!’ ಅಂತ ಉಸಿರು ಎಳೀತೀವಲ್ಲ, ಅದೇನಾ?

ರಾತ್ರಿ ಪಾಳಿ

ಅದೇ! ಇಷ್ಟುದ್ದ ಬರೆದ ಬದಲು ನಾನೂ ಅದನ್ನೇ ಹೇಳಬೇಕಿತ್ತು. ಬಚ್ಚಲಲ್ಲಿ ‘ಹಾ’ ಅಂದರೆ ಗಾಳಿ ಬರುತ್ತೆ. ಗುಂಡಿಯಲ್ಲಿ ‘ಹಾ’ ಅಂದರೆ ನೀರು ಬರುತ್ತೆ.

ಗಣಿತದ ಮೇಷ್ಟ್ರು

ಹಾಗಾದರೆ ನಮಗೆ ಕೆರೆಯಲ್ಲಿ ಯಾಕೆ ಆಗಲಿಲ್ಲ? ಇದಕ್ಕೆ ಉತ್ತರ ಕೊಡಿ, ನಾನು ಸುಮ್ನಾಗ್ತೀನಿ.

ರಾತ್ರಿ ಪಾಳಿ

ಎರಡು ಕಾರಣ. ಒಂದು, ನಮ್ಮ ಕಡೆ ಡಿಸೆಂಬರ್‌ನ ಕೆರೆ ಎಷ್ಟು ಕೊರೆದರೂ 20 ಡಿಗ್ರಿಯ ಆಸುಪಾಸು. ಶಾಕ್ ಶುರುವಾಗೋದು 25 ಡಿಗ್ರಿಯ ಕೆಳಗಿನಿಂದಲೇ, ಆದರೆ ಅಲ್ಲಿ ಅದು ಸಣ್ಣದು. ಎರಡನೆಯದು ಅಭ್ಯಾಸ. ಐದಾರು ಸಲ ಎರಡು ಮೂರು ನಿಮಿಷ ತಣ್ಣೀರಿಗೆ ಇಳಿದರೆ ಈ ಉಸಿರಿನ ಎಳೆತ ಅರ್ಧಕ್ಕೆ ಇಳಿಯುತ್ತದೆ ಅಂತ ಟಿಪ್ಟನ್ ತಂಡದವರು ತೋರಿಸಿದ್ದಾರೆ. ಆ ಅಭ್ಯಾಸ ಎಷ್ಟೋ ತಿಂಗಳು ಉಳಿಯುತ್ತದೆ. ನೀವು ದಿನಾ ಹಾರುತ್ತಿದ್ದಿರಿ. ಮೈ ಕಲಿತಿತ್ತು. ಬ್ರಿಸ್ಟಲ್‌ನಲ್ಲಿ ದಿನಾ ಬಿಸಿನೀರು ಮೀಯುವ ಮೈ ಕಲಿತಿರಲಿಲ್ಲ.

ಗಣಿತದ ಮೇಷ್ಟ್ರು

ಸುಮ್ನಾದೆ. ಆದರೂ ಒಂದು ಲೆಕ್ಕ ಸೇರಿಸುತ್ತೇನೆ, ಅಭ್ಯಾಸ ಬಲ. ಶಾಖ ಸಾಗಿಸುವುದರಲ್ಲಿ ನೀರಿನ ಅಂಕಿ ಸುಮಾರು 0.6, ಗಾಳಿಯದು 0.024. ಭಾಗಿಸಿ ನೋಡಿ, 25. 10 ಡಿಗ್ರಿ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುತ್ತೇವೆ. ಅದೇ 10 ಡಿಗ್ರಿ ನೀರು ಬೇರೆಯೇ ಪ್ರಾಣಿ.

ವಿನ್ನಿಪೆಗ್ ವಾಸಿ

ಇಲ್ಲಿ ಕೆನಡಾದಲ್ಲಿ ಇದನ್ನು ಮಗ್ಗಿ ಥರ ಹೇಳಿಕೊಡುತ್ತಾರೆ. 1-10-1. ಒಂದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಜನಕ್ಕೆ ಹಿಡಿಸಿದ ಲೆಕ್ಕ ಇದು. ತಾವೇ ಎಷ್ಟೋ ಸಲ ಕೊರೆಯುವ ನೀರಿಗೆ ಇಳಿದು ತೋರಿಸಿದ್ದಾರೆ. ಜನ ಅವರನ್ನು ಪ್ರೊಫೆಸರ್ ಪಾಪ್ಸಿಕಲ್ ಅಂತ ಕರೆಯುತ್ತಾರೆ, ಐಸ್ ಕ್ಯಾಂಡಿ ಮೇಷ್ಟ್ರು ಅಂದ ಹಾಗೆ.

ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ತರಲು. ಬೇರೇನೂ ಮಾಡಬಾರದು. ಆಮೇಲಿನ ಹತ್ತು ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ, ಅಷ್ಟರಲ್ಲಿ ಹೊರಬರಬೇಕು. ಆಮೇಲೆ ಬೆರಳು ಮಡಚಲ್ಲ, ಎಸೆದ ಹಗ್ಗ ಕೈಗೆ ಸಿಕ್ಕರೂ ಹಿಡಿಯೋಕೆ ಆಗಲ್ಲ. ಕೊನೆಯ ಒಂದು ಗಂಟೆ ಅಂದರೆ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಹಿಡಿಯುವ ಹೊತ್ತು. ಎಲ್ಲರೂ ಹೆದರೋದು ಈ ಕೊನೆಯದಕ್ಕೆ. ಜನ ಹೋಗೋದು ಮೊದಲನೆಯದರಲ್ಲಿ, ಇಲ್ಲಾ ಎರಡನೆಯದರಲ್ಲಿ.

ನಾನು ಬಂದ ಹೊಸತರಲ್ಲಿ ಗೆಳೆಯನ ಮನೆ ಹಿಂದಿನ ಕೊಳಕ್ಕೆ ಕೈ ಹಾಕಿ ನೋಡಿದ್ದೆ. ನವೆಂಬರ್. ಬಾಟಲಿ ಮುಚ್ಚಳ ಬಿದ್ದಿತ್ತು, ಎತ್ತಿಕೊಳ್ಳೋಣ ಅಂತ. ಎರಡು ನಿಮಿಷ ತಡಕಾಡಿದೆ. ಮುಚ್ಚಳ ಬೆರಳಿಗೆ ತಾಗುತ್ತಿತ್ತು, ತಾಗಿದ್ದು ಗೊತ್ತಾಗುತ್ತಿರಲಿಲ್ಲ. ಕಣ್ಣಲ್ಲಿ ನೋಡುತ್ತಿದ್ದೆ, ಬೆರಳು ಬೇರೆ ಯಾರದೋ ಅನ್ನಿಸುತ್ತಿತ್ತು. ಒಳಗೆ ಬಂದು ಕೋಟಿನ ಜಿಪ್ ಎಳೆಯೋಕೆ ಗೆಳೆಯನ ಹೆಂಡತಿಯನ್ನು ಕರೆಯಬೇಕಾಯಿತು. ಬರೀ ಎರಡು ನಿಮಿಷ, ಬರೀ ಕೈ.

ಹೊಸ ವಿದ್ಯಾರ್ಥಿ

ಸೆಪ್ಟೆಂಬರ್‌ನಲ್ಲಿ ಎಡಿನ್‌ಬರಾಗೆ ಹೋಗ್ತಿದ್ದೀನಿ. ನನಗೆ ಈಜು ಬರಲ್ಲ. ಹಾಗಾಗಿ ನೀರಿಗೆ ಇಳಿಯೋ ಮಾತೇ ಇಲ್ಲ. ಹೆಚ್ಚು ಅಂದರೆ ಮೊಣಕಾಲು ತನಕ, ಫೋಟೋಗೆ. ಅಷ್ಟಕ್ಕೆ ಏನೂ ಆಗಲ್ಲ ಅಲ್ವಾ?

ಚಾರಣಪ್ರಿಯ

ಆ ‘ಫೋಟೋಗೆ ಮೊಣಕಾಲು ತನಕ’ ಅನ್ನೋದೇ ನನಗೆ ಭಯ ತಮ್ಮಾ.

ಸ್ಕಾಟ್ಲೆಂಡ್‌ನಲ್ಲಿ ಪಿಟ್ಲಾಕ್ರಿ ಹತ್ತಿರ ಲಿನ್ ಆಫ್ ಟಮೆಲ್ ಅಂತ ಚಂದದ ಜಾಗ ಇದೆ. ಎರಡು ನದಿ ಸೇರುವಲ್ಲಿ ಬಂಡೆಗಳ ನಡುವೆ ನೀರು ಧುಮುಕುತ್ತದೆ. 2024ರ ಏಪ್ರಿಲ್‌ನಲ್ಲಿ ಗೆಳೆಯರ ಜೊತೆ ಅಲ್ಲಿಗೆ ಹೋಗಿದ್ದ ಇಬ್ಬರು ಭಾರತೀಯ ವಿದ್ಯಾರ್ಥಿಗಳು ನೀರಿಗೆ ಬಿದ್ದು ತೀರಿಕೊಂಡರು. ನಿನ್ನ ವಯಸ್ಸಿನ ಹುಡುಗರೇ.

ನಮ್ಮ ದೇಶದ್ದೂ ಹೇಳುತ್ತೇನೆ. 2014ರ ಜೂನ್ 8, ಹಿಮಾಚಲದ ಮಂಡಿ ಹತ್ತಿರ ಬಿಯಾಸ್ ನದಿ. ಹೈದರಾಬಾದ್‌ನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮನಾಲಿ ದಾರಿಯಲ್ಲಿ ಬಸ್ ನಿಲ್ಲಿಸಿ ನದಿಯ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು, ಜೊತೆಗಿದ್ದ ಒಬ್ಬ ಟೂರ್‌ನವರು ಕೊಚ್ಚಿಹೋದರು. ಅವರು ಇಳಿದಾಗ ಅದು ಕಲ್ಲಿನ ನಡುವೆ ಹರಿಯುವ ಸಣ್ಣ ಹೊಳೆ. ಬಿಯಾಸ್ ನೀರು ಹಿಮ ಕರಗಿ ಬರೋದು. ಜೂನ್‌ನಲ್ಲೂ ಕಾಲು ಇಟ್ಟರೆ ಮೂಳೆ ನೋಯುತ್ತದೆ. ನಾನು ಇಟ್ಟು ನೋಡಿದ್ದೇನೆ, ಹತ್ತು ಎಣಿಸುವಷ್ಟರಲ್ಲಿ ಕಿತ್ತುಕೊಂಡೆ.

ಮೊಣಕಾಲಿನ ವಿಷಯಕ್ಕೆ ಬರೋಣ. ಹರಿಯುವ ನೀರಲ್ಲಿ ಮೊಣಕಾಲುದ್ದವೇ ಮೋಸ. ಬಿದ್ದವನು ಏಳೋಕೆ ನೋಡುತ್ತಾನೆ. ಏಳುವಾಗ ಪಾದ ಎರಡು ಕಲ್ಲಿನ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೀರು ತಳ್ಳುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಮುಖ ನೀರೊಳಗೆ. ನೀರು ತೊಡೆ ತನಕವೂ ಇರಲ್ಲ, ಆದರೂ ತಲೆ ಎತ್ತೋಕೆ ಆಗಲ್ಲ. ರಾಫ್ಟಿಂಗ್‌ನವರು ಮೊದಲು ಹೇಳಿಕೊಡೋದೇ ಇದು: ಹರಿವಿನಲ್ಲಿ ಬಿದ್ದರೆ ಏಳಬೇಡಿ. ಅಂಗಾತ ಮಲಗಿ, ಕಾಲು ಹರಿವಿನ ಕಡೆಗೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಹರಿವು ನಿಂತ ಕಡೆ, ತೀರಾ ತೆಳು ನೀರು ಬಂದ ಮೇಲೆ ಎದ್ದೇಳಿ.

ಗಣಿತದ ಮೇಷ್ಟ್ರು

ಇಲ್ಲೂ ಲೆಕ್ಕ ಇದೆ. ನೀರಿನ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಮೂರರಷ್ಟಾದರೆ ಒಂಬತ್ತರಷ್ಟು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಹೊಳೆ ಸ್ವಲ್ಪ ಜೋರಾಯಿತು ಅಂತ ಕಣ್ಣಿಗೆ ಕಾಣುವಾಗ ಕಾಲಿಗೆ ಅದು ಸ್ವಲ್ಪ ಅಲ್ಲ.

ಹೊಸ ವಿದ್ಯಾರ್ಥಿ

ಸರಿ, ದಡದಲ್ಲೇ ಫೋಟೋ.

ಅಜ್ಜಿಯ ಮೊಮ್ಮಗಳು

ಚಾರ್‌ಧಾಮ್‌ಗೆ ಹೋದಾಗ ಗಂಗೋತ್ರಿಯಲ್ಲಿ ನೋಡಿದ್ದು ನೆನಪಾಯಿತು. ಘಾಟಿನ ಮೆಟ್ಟಿಲಿನ ಹತ್ತಿರ ಸರಪಳಿ ಹಿಡಿದುಕೊಂಡು ಜನ ಮುಳುಗು ಹಾಕುತ್ತಿದ್ದರು. ನಮ್ಮ ಗುಂಪಿನ ಗಂಡಸರು ‘ಜೈ ಗಂಗಾಮಾಯಿ’ ಅಂತ ಒಂದೇ ಸಲ ಇಳಿದರು. ಅಜ್ಜಿ ಮಾತ್ರ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೊದಲು ಪಾದಕ್ಕೆ ಒಂದು ತಂಬಿಗೆ, ಆಮೇಲೆ ಮೊಣಕಾಲಿಗೆ, ತೋಳಿಗೆ, ಕತ್ತಿನ ಹಿಂದೆ. ಕೊನೆಗೆ ತಲೆಗೆ. ಅಷ್ಟರಲ್ಲಿ ಗಂಡಸರು ಹಲ್ಲು ಕಟಕಟ ಕಡಿಯುತ್ತಾ ಓಡಿ ಬಂದಿದ್ದರು. ಒಬ್ಬರಿಗೆ ಎದೆ ಹಿಡಿದ ಹಾಗಾಗಿ ಅರ್ಧ ಗಂಟೆ ಕೂರಿಸಿದ್ದೆವು.

ವಿನ್ನಿಪೆಗ್ ವಾಸಿ

ಇನ್ನು ‘ನಮ್ಮ ಹಿರಿಯರಿಗೆ ಎಲ್ಲ ವಿಜ್ಞಾನ ಗೊತ್ತಿತ್ತು’ ಅಂತ ವಾಟ್ಸ್ಆ್ಯಪ್ ಫಾರ್ವರ್ಡ್ ಬರುತ್ತೆ ನೋಡಿ!

ಅಜ್ಜಿಯ ಮೊಮ್ಮಗಳು

ಇಲ್ಲಪ್ಪ. ಅಜ್ಜಿಗೆ ಚಳಿ ಆಗುತ್ತಿತ್ತು, ಅದಕ್ಕೆ ನಿಧಾನ. ಅಷ್ಟೇ.

ರಾತ್ರಿ ಪಾಳಿ

ಕಾರಣ ಏನೇ ಇರಲಿ, ಅಜ್ಜಿ ಮಾಡಿದ್ದು ಸರಿ. ಚರ್ಮ ಸ್ವಲ್ಪ ಸ್ವಲ್ಪವೇ ತಣ್ಣಗಾದರೆ ಶಾಕ್ ಕಡಿಮೆ. ಗುಂಪಿನವರಿಗೆ ಎದೆ ಹಿಡಿದದ್ದೂ ಆಶ್ಚರ್ಯ ಅಲ್ಲ. ಚರ್ಮದ ಚಳಿ ಹೃದಯಕ್ಕೆ ‘ಓಡು’ ಅನ್ನುತ್ತದೆ. ಮುಖ ನೀರಿಗೆ ಹೋದರೆ ‘ನಿಧಾನ’ ಅನ್ನೋ ಇನ್ನೊಂದು ಆಜ್ಞೆ ಹೋಗುತ್ತದೆ. ಎರಡೂ ಒಟ್ಟಿಗೆ ಬಂದರೆ ಹೃದಯದ ತಾಳ ತಪ್ಪಬಹುದು. ವಯಸ್ಸಾದವರು, ಹೃದಯದ ತೊಂದರೆ ಇರುವವರು ಇಂಥ ಕಡೆ ಮುಳುಗು ಹಾಕೋದಕ್ಕಿಂತ ಪ್ರೋಕ್ಷಣೆ ಮಾಡಿಕೊಳ್ಳೋದು ವಾಸಿ. ಪುಣ್ಯ ಕಡಿಮೆ ಆಗುತ್ತಾ ಅಂತ ನನ್ನನ್ನು ಕೇಳಬೇಡಿ.

ತೀರ್ಥಹಳ್ಳಿ ಹುಡುಗ

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ನಗ್ತೀರಿ ಅಂದುಕೊಂಡಿದ್ದೆ.

ಮುದುಕ ‘ಅಂಗಾತ ಮಲಗು’ ಅಂದದ್ದು ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಇಲ್ಲಿ ಆರ್‌ಎನ್‌ಎಲ್‌ಐ ಅಂತ ಲೈಫ್‌ಬೋಟ್ ಸಂಸ್ಥೆ ಇದೆ, 1824ರದ್ದು. ‘ಬದುಕಬೇಕಾದರೆ ತೇಲು’ ಅನ್ನೋದು ಅವರ ಪ್ರಚಾರ. ತಲೆ ಹಿಂದಕ್ಕೆ, ಕಿವಿ ನೀರೊಳಗೆ, ಮೈ ಸಡಿಲ, ಕೈ ಮೆಲ್ಲಗೆ ಆಡಿಸುತ್ತಾ ಇರೋದು. ಕಾಲು ಕೆಳಗೆ ಹೋದರೂ ಪರವಾಗಿಲ್ಲ. ಊರಲ್ಲಿ ನಾವು ಕಲಿತದ್ದು ಕೈಕಾಲು ಬಡಿಯೋದು. ಸುಮ್ನೆ ಮಲಗೋದನ್ನು ಯಾರೂ ಹೇಳಿಕೊಡಲಿಲ್ಲ. ಸೋರೆ ಬುರುಡೆ ಕಟ್ಟಿಕೊಂಡು ಬಿಟ್ಟಾಗ ಮಾತ್ರ ತೇಲುತ್ತಿದ್ದೆವು, ಅದನ್ನು ಬಿಚ್ಚಿದ ದಿನವೇ ಈಜು ಬಂತು ಅಂತ ಲೆಕ್ಕ.

ಇನ್ನೊಂದು ವಿಷಯ. ಡರ್ಬಿಶೈರ್‌ನ ಬಕ್ಸ್‌ಟನ್ ಹತ್ತಿರ ಹಳೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ನೀಲಿ ಬಣ್ಣದ ನೀರು ನಿಂತಿತ್ತು. ನೀಲಿ ನೋಡಿ ಜನ ಮಾಲ್ಡೀವ್ಸ್ ಅಂತ ಇಳಿಯುತ್ತಿದ್ದರು. ನೀರು ಕೊರೆಯುವ ಚಳಿ, ಜೊತೆಗೆ ಚರ್ಮ ಸುಡುವಷ್ಟು ಕ್ಷಾರ. ಬೋರ್ಡ್ ಹಾಕಿದರೂ ಕೇಳಲಿಲ್ಲ. 2013ರಲ್ಲಿ ಕೌನ್ಸಿಲ್‌ನವರು ನೀರಿಗೆ ಕಪ್ಪು ಬಣ್ಣ ಕಲಸಿಬಿಟ್ಟರು! ಚಂದ ಕಾಣದೆ ಇದ್ದರೆ ಯಾರೂ ಇಳಿಯಲ್ಲ ಅಂತ. ಇದು ಓದಿ ನಗು ಬಂತು, ಆಮೇಲೆ ನನ್ನ ಹೊಳೆಯ ತಿಳಿನೀರು ನೆನಪಾಗಿ ನಗು ನಿಂತಿತು.

ಚಾರಣಪ್ರಿಯ

ತಿಳಿನೀರು ಆಳದ ವಿಷಯದಲ್ಲಿ ಯಾವಾಗಲೂ ಸುಳ್ಳು ಹೇಳುತ್ತೆ. ಬೆಳಕು ಬಾಗೋದರಿಂದ ಇರುವ ಆಳದ ಮುಕ್ಕಾಲು ಪಾಲು ಮಾತ್ರ ಕಾಣುತ್ತೆ. ನಾಲ್ಕು ಅಡಿ ಇದ್ದರೆ ಮೂರಡಿ ಅನ್ನಿಸುತ್ತೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ.

ಗಣಿತದ ಮೇಷ್ಟ್ರು

ನನ್ನ ಕೆಲಸ ಕಿತ್ತುಕೊಂಡಿರಿ.

ವಿನ್ನಿಪೆಗ್ ವಾಸಿ

ಮಂಜುಗಡ್ಡೆ ಬಗ್ಗೆ ಎರಡು ಮಾತು ಬರೆಯಲೇಬೇಕು. ಚಳಿ ದೇಶಕ್ಕೆ ಹೊಸದಾಗಿ ಬಂದ ನಮ್ಮವರಿಗೆ ಹೆಪ್ಪುಗಟ್ಟಿದ ಕೆರೆ ಅಂದರೆ ಆಟದ ಮೈದಾನ.

ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಲಿಹಲ್‌ನಲ್ಲಿ 2022ರ ಡಿಸೆಂಬರ್ 11ರಂದು ಬ್ಯಾಬ್ಸ್ ಮಿಲ್ ಪಾರ್ಕಿನ ಕೆರೆಯ ಮೇಲೆ ಮಕ್ಕಳು ಆಡುತ್ತಿದ್ದರು. ಮಂಜುಗಡ್ಡೆ ಒಡೆಯಿತು. 6, 8, 10, 11 ವರ್ಷದ ನಾಲ್ಕು ಹುಡುಗರು ಹೋದರು. ಪೊಲೀಸರು ನೀರಿಗಿಳಿದರು, ಒಬ್ಬರು ಮುಷ್ಟಿಯಿಂದಲೇ ಮಂಜುಗಡ್ಡೆ ಒಡೆಯಲು ಹೋದರು. ಅದು ಊರ ನಡುವಿನ ಪಾರ್ಕು, ಸುತ್ತ ಮನೆಗಳು.

ಇಲ್ಲಿ ನಡೆಯೋಕೆ ಗಟ್ಟಿ ತಿಳಿ ಮಂಜುಗಡ್ಡೆ ಕನಿಷ್ಠ 10 ಸೆಂಟಿಮೀಟರ್ ಬೇಕು ಅಂತಾರೆ, 15 ಅನ್ನುವವರೂ ಇದ್ದಾರೆ. ಬ್ರಿಟನ್‌ನಲ್ಲಿ ಅಷ್ಟು ದಪ್ಪ ಆಗೋದೇ ಅಪರೂಪ, ಹಾಗಾಗಿ ಅಲ್ಲಿ ಕಾಲಿಡಲೇಬೇಡಿ. ಒಂದು ವೇಳೆ ಒಡೆದು ಬಿದ್ದರೆ, ಮೊದಲು ಉಸಿರು ಸರಿಯಾಗೋಕೆ ಬಿಡಿ. ಆಮೇಲೆ ಬಂದ ದಿಕ್ಕಿಗೇ ತಿರುಗಿ. ಆ ಕಡೆಯ ಗಡ್ಡೆ ನಿಮ್ಮನ್ನು ಒಂದು ಸಲ ಹೊತ್ತಿದೆಯಲ್ಲ. ಅಂಚಿನ ಮೇಲೆ ಮೊಣಕೈ ಇಟ್ಟು ಕಾಲು ಹಿಂದಕ್ಕೆ ಬಡಿಯಿರಿ, ಮೈ ಅಡ್ಡವಾಗಲಿ, ಮೀನಿನ ಹಾಗೆ ಜಾರಿ ಮೇಲೆ ಬನ್ನಿ. ಬಂದ ಮೇಲೆ ಎದ್ದು ನಿಲ್ಲಬೇಡಿ. ಉರುಳಿಕೊಂಡು ಹೋಗಿ.

ಹೊಸ ವಿದ್ಯಾರ್ಥಿ

ಬೇರೆಯವರು ಬಿದ್ದರೆ? ನೋಡಿಕೊಂಡು ಇರೋಕಾಗುತ್ತಾ?

ರಾತ್ರಿ ಪಾಳಿ

ಹಾರೋದು ಬೇಡ. ಹಾರಿದವನಿಗೂ ಅದೇ ‘ಹಾ’ ಬರುತ್ತೆ. ಆಮೇಲೆ ಎರಡು ಹೆಣ. ಕಟುವಾಗಿ ಹೇಳಿದೆ, ಕ್ಷಮಿಸು.

ಬ್ರಿಟನ್‌ನಲ್ಲಾದರೆ 999. ನದಿ, ಕೆರೆ, ಕ್ವಾರಿ ಆದರೆ ಫೈರ್ ಸರ್ವಿಸ್ ಕೇಳು, ಸಮುದ್ರ ಆದರೆ ಕೋಸ್ಟ್‌ಗಾರ್ಡ್. ಊರಲ್ಲಾದರೆ 112. ಬಿದ್ದವನಿಗೆ ‘ಅಂಗಾತ ಮಲಗು, ತೇಲು’ ಅಂತ ಕೂಗುತ್ತಲೇ ಇರು. ದಡದಲ್ಲಿ ಮಲಗಿಕೊಂಡು ಕೋಲು, ಕೊಂಬೆ, ಸೀರೆ, ಪಂಚೆ ಏನು ಸಿಕ್ಕರೂ ಚಾಚು. ನಿಂತು ಚಾಚಿದರೆ ನಿನ್ನನ್ನೇ ಎಳೆದುಕೊಳ್ಳುತ್ತಾರೆ. ತೇಲೋದು ಏನಾದರೂ ಎಸೆ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಆದರೂ ಸರಿ.

ಮೇಲೆ ತಂದ ಮೇಲೂ ಮುಗಿಯಲ್ಲ. ತುಂಬಾ ಹೊತ್ತು ತಣ್ಣೀರಲ್ಲಿದ್ದವರನ್ನು ನಡೆಸಬೇಡಿ, ಮಲಗಿಸಿ. ಕೈಕಾಲು ಉಜ್ಜಬೇಡಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಕಂಬಳಿ ಹೊದಿಸಿ. ‘ಒಂದು ಗುಟುಕು ಬ್ರಾಂದಿ’ ಅನ್ನೋರನ್ನು ದೂರ ಕಳಿಸಿ. ಉಸಿರು ಇಲ್ಲ ಅಂದರೆ ತಕ್ಷಣ ಸಿಪಿಆರ್ ಶುರು ಮಾಡಿ. ನೀರಲ್ಲಿ ಮುಳುಗಿದವರಿಗೆ ಬಾಯಿಂದ ಉಸಿರು ಕೊಡೋದೂ ಮುಖ್ಯ, ಬರೀ ಎದೆ ಒತ್ತೋದಲ್ಲ. ಹೊಟ್ಟೆ ಒತ್ತಿ ನೀರು ತೆಗೆಯೋದು, ಕಾಲು ಹಿಡಿದು ತಲೆಕೆಳಗೆ ತಿರುಗಿಸೋದು ಸಿನಿಮಾಗೆ ಬಿಡಿ.

ಬೇಗ ಕೈಬಿಡಲೂ ಬೇಡಿ. 1999ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಹತ್ತಿರ ಆನ್ನಾ ಬೋಗೆನ್‌ಹೋಲ್ಮ್ ಅನ್ನೋ ಡಾಕ್ಟರ್ ಸ್ಕೀ ಮಾಡುವಾಗ ತಲೆಕೆಳಗಾಗಿ ಹೆಪ್ಪುಗಟ್ಟಿದ ತೊರೆಗೆ ಬಿದ್ದರು. ದೊಡ್ಡ ನದಿಯಲ್ಲ, ಬೆಟ್ಟದ ತೊರೆ. ಗಡ್ಡೆಯ ಕೆಳಗೆ ಒಂದಿಷ್ಟು ಗಾಳಿ ಸಿಕ್ಕಿ ಸುಮಾರು 40 ನಿಮಿಷ ಎಚ್ಚರ ಇದ್ದರು. ಹೊರತೆಗೆಯುವಷ್ಟರಲ್ಲಿ 80 ನಿಮಿಷ ಆಗಿತ್ತು, ಹೃದಯ ನಿಂತಿತ್ತು. ಮೈ 13.7 ಡಿಗ್ರಿಗೆ ಇಳಿದಿತ್ತು. ಟ್ರೊಮ್ಸೊ ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಬಿಸಿ ಮಾಡಿ ಉಳಿಸಿದರು. ಆಮೇಲೆ ಅವರು ಅದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿ ಕೆಲಸಕ್ಕೆ ಸೇರಿದರು. ಬಿಸಿಯಾದ ಮೇಲೂ ಸತ್ತಿದ್ದರೆ ಮಾತ್ರ ಸತ್ತರು ಅನ್ನಬೇಕು ಅಂತ ನಮ್ಮಲ್ಲಿ ಒಂದು ಮಾತಿದೆ.

ಗಣಿತದ ಮೇಷ್ಟ್ರು

ಅಂದರೆ ಕೊಲ್ಲೋದೂ ಚಳಿ, ಕಾಯೋದೂ ಚಳಿ?

ರಾತ್ರಿ ಪಾಳಿ

ಅವರಿಗೆ ಉಸಿರಾಡಲು ಗಾಳಿ ಸಿಕ್ಕಿತು ಮೇಷ್ಟ್ರೇ. ಹೃದಯ ನಿಲ್ಲುವ ಮೊದಲೇ ಮೆದುಳು ತಣ್ಣಗಾಗಿತ್ತು. ಅದು ಲಾಟರಿ. ಅದನ್ನು ನಂಬಿಕೊಂಡು ಯಾರೂ ನೀರಿಗೆ ಇಳಿಯಬಾರದು.

ಅಜ್ಜಿಯ ಮೊಮ್ಮಗಳು

ಚಳಿ ಬಿಟ್ಟು ಒಂದು ಮಾತು, ಸಣ್ಣ ಮಕ್ಕಳಿರುವವರಿಗೆ. ನಡೆಯಲು ಕಲಿತ ಮಗುವಿಗೆ ಬಚ್ಚಲ ಬಕೆಟ್ಟೇ ಬಾವಿ. ತಲೆ ಭಾರ, ಕುತ್ತಿಗೆಗೆ ಬಲ ಇಲ್ಲ. ಬಗ್ಗಿ ಒಳಗೆ ಬಿದ್ದರೆ ವಾಪಸ್ ಏಳೋಕೆ ಬರಲ್ಲ, ಬಕೆಟ್ ಮಗುಚೋದೂ ಇಲ್ಲ. ಐದಾರು ಇಂಚು ನೀರು ಸಾಕು. ನಲ್ಲಿ ಬಿಡೋ ಹೊತ್ತಲ್ಲಿ ಎಲ್ಲ ತುಂಬಿಸಿಡೋ ಅಭ್ಯಾಸ ನಮ್ಮದು. ಮುಚ್ಚಳ ಹಾಕಿ, ಇಲ್ಲಾ ಬಚ್ಚಲ ಬಾಗಿಲು ಹಾಕಿ.

ಚಾರಣಪ್ರಿಯ

ಇನ್ನೊಂದು. ವಿಡಿಯೋ ನೋಡಿ ಜೋರುಜೋರಾಗಿ ಉಸಿರಾಡಿ, ಆಮೇಲೆ ಉಸಿರು ಕಟ್ಟಿ ನೀರಲ್ಲಿ ಕೂರೋ ಚಾಳಿ ಜಾಸ್ತಿಯಾಗಿದೆ. ಅದು ಬೇರೆ ಅಪಾಯ. ಉಸಿರು ಬೇಕು ಅಂತ ಮೈ ಕೇಳೋದು ಕಾರ್ಬನ್ ಡೈಆಕ್ಸೈಡ್ ಏರಿದಾಗ. ಅದನ್ನು ಮೊದಲೇ ಹೊರಗೆ ಊದಿದ್ದರೆ ಕೇಳೋದೇ ಇಲ್ಲ, ನೇರವಾಗಿ ಪ್ರಜ್ಞೆ ಹೋಗುತ್ತೆ. ಬೆಚ್ಚಗಿನ ಈಜುಕೊಳದಲ್ಲೂ ಆಗುತ್ತೆ.

ಟೋಪಿ ಹುಡುಗಿಯ ಅಮ್ಮ

ನಾನು ತೀರ್ಥಹಳ್ಳಿ ಹುಡುಗನ ಹೆಂಡತಿ. ಇದನ್ನೆಲ್ಲ ಇವತ್ತು ಓದಿದೆ. ಅವರು ಹೇಳಿದ್ದರಲ್ಲಿ ಅರ್ಧ ಇದೆ.

40 ಸೆಕೆಂಡ್ ಅಲ್ಲ. ನನ್ನ ಫೋನಲ್ಲಿ ವಿಡಿಯೋ ಇದೆ. ಟೋಪಿ ಹಿಡಿಯೋದನ್ನು ಮಗಳಿಗೋಸ್ಕರ ತೆಗೆಯುತ್ತಿದ್ದೆ. ಬಿದ್ದಲ್ಲಿಂದ ಹಗ್ಗ ಸಿಗುವ ತನಕ 1 ನಿಮಿಷ 50 ಸೆಕೆಂಡ್.

ಅವರು ಕೂಗಲಿಲ್ಲ. ಒಂದು ಸದ್ದೂ ಇಲ್ಲ. ಕೈ ಮೇಲೆತ್ತಿ ಬೀಸಲೂ ಇಲ್ಲ. ತೋಳು ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿದ್ದರು. ತಲೆ ಹಿಂದಕ್ಕೆ ಬಿದ್ದು ಬಾಯಿ ನೀರಿನ ಮಟ್ಟಕ್ಕೇ ಇತ್ತು. ಮುಳುಗೋದು, ಏಳೋದು, ಮುಳುಗೋದು. ನೀರಲ್ಲಿ ಟೋಪಿ ಹುಡುಕುತ್ತಿದ್ದಾರೆ ಅಂದುಕೊಂಡೆ. ವಿಡಿಯೋದಲ್ಲಿ ನನ್ನ ನಗು ಕೇಳಿಸುತ್ತದೆ. ‘ಅಪ್ಪ ನೋಡು ಹೇಗೆ ಹುಡುಕ್ತಿದ್ದಾರೆ’ ಅಂತ ಮಗಳಿಗೆ ಹೇಳಿದ್ದೂ ಇದೆ. ಆ ಅಜ್ಜ ಕೂಗಿದ ಮೇಲೆಯೇ ನನಗೆ ಗೊತ್ತಾಗಿದ್ದು. ಅಳಿಸೋಣ ಅಂದುಕೊಂಡೆ, ಇನ್ನೂ ಅಳಿಸಿಲ್ಲ.

ನರ್ಸ್ ಮೇಡಂ, ಮುಳುಗುವವರು ಹೀಗೆಯೇ ಇರುತ್ತಾರಾ?

ರಾತ್ರಿ ಪಾಳಿ

ಹೀಗೆಯೇ ಇರುತ್ತಾರೆ ಅಮ್ಮಾ. ಉಸಿರಾಡೋಕೇ ಗಾಳಿ ಸಾಲದಾಗ ಕೂಗೋಕೆ ಎಲ್ಲಿಂದ ಬರಬೇಕು? ತೋಳು ಚಾಚಿ ನೀರು ಒತ್ತೋದು ಮೈಯ ಕೆಲಸ, ಅವರು ಬೇಕು ಅಂತ ಮಾಡಿದ್ದಲ್ಲ. ಕೈ ಬೀಸಿ ಅಂದರೂ ಬೀಸೋಕೆ ಆಗಲ್ಲ. ಫ್ರಾನ್ಸೆಸ್ಕೊ ಪಿಯಾ ಅನ್ನೋ ಅಮೆರಿಕದ ಲೈಫ್‌ಗಾರ್ಡ್ ಇದನ್ನು ಫಿಲ್ಮ್ ಮಾಡಿ ನೋಡಿ ನೋಡಿಯೇ ವಿವರಿಸಿದ್ದು. ಪಕ್ಕದಲ್ಲೇ ಇರುವವರಿಗೆ ಗೊತ್ತಾಗದೆ ಎಷ್ಟೋ ಜನ ಹೋಗಿದ್ದಾರೆ. ನಿಮ್ಮ ನಗುವಿನಲ್ಲಿ ತಪ್ಪಿಲ್ಲ.

ಗಣಿತದ ಮೇಷ್ಟ್ರು

ಮೊದಲ ದಿನ ‘ಗಾಬರಿ ಬಿದ್ದಿದ್ದೀರಿ’ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ತೀರ್ಥಹಳ್ಳಿ ಹುಡುಗ

ಅವಳು ಈ ವಿಡಿಯೋ ವಿಷಯ ನನಗೂ ಹೇಳಿರಲಿಲ್ಲ. ಇಲ್ಲೇ ಓದಿದ್ದು.

ವಿನ್ನಿಪೆಗ್ ಅವರೇ, ಕಾರಿನಲ್ಲಿ ಇಟ್ಟುಕೊಳ್ಳೋಕೆ ಎಸೆಯುವ ಹಗ್ಗದ ಚೀಲ ಸಿಗುತ್ತಂತಲ್ಲ, ಎಷ್ಟು ಉದ್ದದ್ದು ತಗೊಳ್ಳಲಿ?

ವಿನ್ನಿಪೆಗ್ ವಾಸಿ

15ರಿಂದ 20 ಮೀಟರ್. ತೇಲುವ ಹಗ್ಗವೇ ಆಗಿರಲಿ, ಮುಳುಗೋದು ಬೇಡ. ತಂದು ಹಾಗೇ ಡಿಕ್ಕಿಯಲ್ಲಿ ಇಡಬೇಡಿ, ಪಾರ್ಕಿಗೆ ಹೋಗಿ ಹತ್ತು ಸಲ ಎಸೆದು ನೋಡಿ. ಮೊದಲ ಸಲ ಎಲ್ಲರದೂ ಮರಕ್ಕೇ ಸಿಕ್ಕಿಕೊಳ್ಳುತ್ತೆ.

ಟೋಪಿ ಹುಡುಗಿಯ ಅಮ್ಮ

ಎರಡು ತರಿಸಿ. ನಾನೂ ಎಸೆಯೋದು ಕಲಿಯಬೇಕು.